ಹೆಲ್ಮೆಟ್ಟಿನೊಳಗಿನ ಹನ್ನೆರಡು ನಿಮಿಷ

ಬೆಳಿಗ್ಗೆ ಎಂಟೂಮುಕ್ಕಾಲಿಗೆ ಬೈಕು ನಮ್ಮ ಗೇಟು ದಾಟಿ ಎಡಕ್ಕೆ ತಿರುಗಿತೆಂದರೆ, ಹಿಂದಿನ ಸೀಟಿನಲ್ಲಿ ಕೂತ ನಾನು ಹೆಲ್ಮೆಟ್ಟಿನ ಗಾಜು ಕೆಳಗಿಳಿಸಿ ದೇವರ ಜೊತೆ ಮಾತಿಗೆ ತೊಡಗುತ್ತೇನೆ. ನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ. (ಜ್ವರ ಬಂದು ರಜೆ ಹಾಕಿದ ದಿನ ಹೆಲ್ಮೆಟ್ ಹಾಕಿಕೊಂಡು ಹಾಸಿಗೆಯ ಮೇಲೆಯೇ ಕೂತಿದ್ದೆ. ನಮ್ಮವರು ನೋಡಿ, ಜ್ವರ ತಲೆಗೇರಿತು ಎಂದು ಡಾಕ್ಟರಿಗೆ ಫೋನ್ ಮಾಡಿದರು.)

ಮನಸ್ಸಿನಲ್ಲೇ ಹೇಳಿಕೊಳ್ಳುವುದು ನನಗೆ ಬರುವುದಿಲ್ಲ. ಹಾಗೆ ಹೊರಟರೆ ಹಾಲು ಮುಚ್ಚಿದೆನೇ, ಒಣಗಿದ ಬಟ್ಟೆ ಒಳಗೆ ತಂದೆನೇ ಎಂಬುದೆಲ್ಲ ದೇವರಿಗೂ ನನಗೂ ನಡುವೆ ನುಗ್ಗಿ ಬರುತ್ತದೆ. ಬಾಯಿ ಬಿಟ್ಟು ಹೇಳಿದರೆ ಮಾತಿಗೆ ಒಂದು ದಾರಿ ಇರುತ್ತದೆ. ಆದರೆ ಮನೆಯಲ್ಲಿ ಬಾಯಿ ಬಿಟ್ಟರೆ "ಯಾರ ಹತ್ರ ಮಾತಾಡ್ತಿದ್ದೀಯೇ?" ಎಂಬ ವಿಚಾರಣೆ. ನಾನು ಕೆಲಸ ಮಾಡುವುದು ಬಟ್ಟೆ ಆಲ್ಟರೇಷನ್ ಅಂಗಡಿಯಲ್ಲಿ. ಅಳತೆಗೆ ನಿಂತವರು ಸುಮ್ಮನೆ ನಿಲ್ಲಲಾರರು. ಸೊಂಟಕ್ಕೆ ಟೇಪು ಸುತ್ತುವಷ್ಟರಲ್ಲಿ ಸೊಸೆಯ ವಿಷಯ ಬರುತ್ತದೆ, ತೋಳಿಗೆ ಬರುವಷ್ಟರಲ್ಲಿ ಕಣ್ಣೀರು. ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುವುದರಿಂದ ನನ್ನನ್ನು ಬಹಳ ತಾಳ್ಮೆಯ ಹೆಂಗಸು ಎಂದು ಎಲ್ಲರೂ ಹೊಗಳುತ್ತಾರೆ. ದಿನವಿಡೀ ಕೇಳಿಸಿಕೊಳ್ಳುವವಳಿಗೆ ಹೇಳಿಕೊಳ್ಳಲು ಸಿಗುವುದು ಆ ಹನ್ನೆರಡು ನಿಮಿಷ, ಎರಡು ಸಿಗ್ನಲ್.

ಮೊದಲು ಕೃತಜ್ಞತೆ. ಮೊದಲ ಸಿಗ್ನಲ್ ದಾಟಿದ ಮೇಲೆ ಪರರ ಕಷ್ಟ. ಎರಡನೇ ಸಿಗ್ನಲ್ಲಿನಿಂದ ಅಂಗಡಿಯ ಬಾಗಿಲವರೆಗೆ ನಮ್ಮವರ ಮೇಲಿನ ದೂರು. ಗಾಳಿಯ ಸದ್ದು, ಇಂಜಿನ್ನಿನ ಸದ್ದು, ಗಾಜಿನ ಮರೆ. ಇಷ್ಟು ಭದ್ರವಾದ ಪ್ರಾರ್ಥನಾ ಮಂದಿರ ರಾಜಮಹಾರಾಜರಿಗೂ ಇದ್ದಿರಲಿಕ್ಕಿಲ್ಲ.

ಅದಕ್ಕೆ ನಾನೇ ಕೈಯಾರೆ ತೂತು ಕೊರೆದ ಕಥೆ ಇದು.

ನಮ್ಮವರು ಲಿಫ್ಟ್ ಮೆಕ್ಯಾನಿಕ್. ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಫೋನ್ ಇವರಿಗೇ ಬರಬೇಕು. ಬೈಕು ಓಡಿಸುವಾಗ ಇವರಿಗೆ ಫೋನ್ ಕೇಳಿಸುವುದಿಲ್ಲ. ಹೀಗಾಗಿ ಹೋದ ತಿಂಗಳು ಹಲ್ಲಿನ ಡಾಕ್ಟರೊಬ್ಬರು ಮೂರನೇ ಮಹಡಿಗೂ ನಾಲ್ಕನೆಯದಕ್ಕೂ ನಡುವೆ ಲಿಫ್ಟಿನಲ್ಲಿ ಐವತ್ತು ನಿಮಿಷ ತೂಗಾಡಿದರು. ಅವರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತ ರೋಗಿಯೂ ಅಷ್ಟೇ ಹೊತ್ತು ಕಾದರಂತೆ. ಕಂಪನಿಯವರು ಇವರನ್ನು ಕರೆದು, "ಇನ್ನೊಂದು ಸಲ ಹೀಗಾದರೆ ಗೋಡೌನಿನಲ್ಲಿ ಕೂತು ನಟ್ಟು ಬೋಲ್ಟು ಎಣಿಸಬೇಕಾಗುತ್ತೆ" ಎಂದರು.

"ಹೆಲ್ಮೆಟ್‌ಗೆ ಹಾಕೋ ಬ್ಲೂಟೂತ್ ಹೆಡ್‌ಸೆಟ್ ಬರುತ್ತಂತೆ ಕಣೇ. ನೀನೇ ನೋಡಿ ಆರಿಸು" ಎಂದರು ನಮ್ಮವರು.

"ನಾನಾ?"

"ಅಂಗಡಿಯವನು ಎರಡು ಮಾತು ಹೆಚ್ಚಿಗೆ ಆಡಿದ್ರೆ ನಂಗೆ ತಲೆ ಕೆಡುತ್ತೆ. ನೀನಾದ್ರೆ ಪೂರ್ತಿ ಕೇಳಿಸ್ಕೋತೀಯ."

ಈ ಒಂದು ಮಾತಿಗೆ ನಾನು ಮೂರು ಅಂಗುಲ ಎತ್ತರವಾದೆ. ಹೊಲಿಗೆಯನ್ನು ನನಗೆ ಯಾರೂ ಕಲಿಸಿದ್ದಲ್ಲ. ಹಳೆಯ ಕೋಟುಗಳ ಹೊಲಿಗೆ ಬಿಚ್ಚಿ, ಒಳಗೆ ಏನಿದೆ ಎಂದು ನೋಡಿ ಕಲಿತವಳು. ಕೋಟನ್ನೇ ಬಗ್ಗಿಸಿದ ಕೈಗೆ ಹೆಲ್ಮೆಟ್ ಯಾವ ದೊಡ್ಡದು?

ಶೋಧನೆ ಆರಂಭವಾಯಿತು. ನಮ್ಮ ಅಂಗಡಿಗೆ ಜಾಕೆಟ್ಟಿನ ಜಿಪ್ ಹಾಕಿಸಲು ಬರುವ ಕೊರಿಯರಿನವರೊಬ್ಬರಿದ್ದಾರೆ. ದಿನಕ್ಕೆ ಎಂಟು ಗಂಟೆ ತಲೆಯ ಮೇಲೆ ಹೆಲ್ಮೆಟ್ ಹೊತ್ತವರು. ಅವರು ಬೆರಳು ಮಡಿಸಿ ಹೇಳಿದರು: "ದಪ್ಪ ಸ್ಪೀಕರ್ ತಗೋಬೇಡಿ ಅಕ್ಕಾ, ಕಿವಿ ಅಪ್ಪಚ್ಚಿ ಆಗುತ್ತೆ. ಮಳೆ ತಡೀಬೇಕು. ಗ್ಲೌಸ್ ಹಾಕ್ಕೊಂಡ್ರೂ ಬಟನ್ ಕೈಗೆ ಸಿಗಬೇಕು. ನನ್ ಮೊದಲನೇ ಸೆಟ್ಟಲ್ಲಿ ಹಾಡು ನಿಲ್ಸೋಕೆ ಹೋಗಿ ಮೂರು ಸಲ ನಮ್ ಮಾವನಿಗೆ ಫೋನ್ ಹೋಯ್ತು."

ಶನಿವಾರ ಮಧ್ಯಾಹ್ನ ಎರಡು ಹೆಲ್ಮೆಟ್ಟು, ನಮ್ಮವರ ಗ್ಲೌಸು, ಅಳತೆಯ ಟೇಪು, ಸೂಜಿದಾರ, ಒಂದು ಬಾಟಲಿ ನೀರು ಚೀಲಕ್ಕೆ ತುಂಬಿಕೊಂಡು ಹೆಡ್‌ಸೆಟ್ ಮಾರುವ ಅಂಗಡಿಗೆ ಹೋದೆ. ಹೆಲ್ಮೆಟ್ಟಿನ ಒಳಗಡೆ ಕಿವಿಯ ಗುಳಿ ಅಳೆದೆ, ಒಂಬತ್ತು ಮಿಲಿಮೀಟರ್ ಆಳ. ಹತ್ತು ಮಿಲಿಮೀಟರ್ ದಪ್ಪದ ಸ್ಪೀಕರುಗಳೆಲ್ಲ ಪಕ್ಕಕ್ಕೆ ಸರಿದವು. ಗ್ಲೌಸು ಹಾಕಿಕೊಂಡು, ಕಣ್ಣು ಮುಚ್ಚಿ, ಬಟನ್ನುಗಳನ್ನು ತಡವಿ ನೋಡಿದೆ. ನೀರಿನ ಬಾಟಲಿ ಹೊರತೆಗೆದಾಗ ಮಾತ್ರ ಅಂಗಡಿಯ ಸೇಲ್ಸ್‌ಮನ್ ಎರಡೂ ಕೈ ಅಡ್ಡ ಹಿಡಿದ.

"ಅಕ್ಕಾ, ನೀವು ಯಾವ ಕಂಪನಿಯಿಂದ ಬಂದಿದ್ದೀರಿ?"

"ನಮ್ಮ ಮನೆಯಿಂದ" ಎಂದೆ.

ಕೊನೆಗೆ ಉಳಿದದ್ದು ಒಂದು ಜೋಡಿ ಸೆಟ್ಟು. ಓಡಿಸುವವರಿಗೊಂದು, ಹಿಂದೆ ಕೂತವರಿಗೊಂದು. ಅದರ ಗುಣಗಾನಕ್ಕೆ ಅವನು ತೊಡಗಿದ. ನಾನು ಎಂದಿನಂತೆ ತಲೆಯಾಡಿಸುತ್ತ ಕೇಳಿಸಿಕೊಂಡೆ.

"ಫೋನ್ ಬಂದ್ರೆ ತಾನಾಗೇ ಎತ್ಕೊಳುತ್ತೆ ಅಕ್ಕಾ, ಮುಂದಿನವರಿಗೂ ಕೇಳುತ್ತೆ, ಹಿಂದಿನವರಿಗೂ ಕೇಳುತ್ತೆ. ಮಾತಾಡೋಕೆ ಬಟನ್ ಒತ್ತೋದೇ ಬೇಡ, ಬಾಯಿ ತೆಗೆದ್ರೆ ಸಾಕು, ಆನ್..." ಇಲ್ಲಿ ಅವನ ಧ್ವನಿ ಕುಸಿಯಿತು. "ನಮ್ಮನೇಲಿ ಬಾಯೇ ತೆಗೀತಿಲ್ಲ."

"ಯಾರಪ್ಪಾ?"

"ಹೆಂಡ್ತಿ. ನಾಲ್ಕು ದಿನ ಆಯ್ತು."

ಮುಂದಿನ ಮುಕ್ಕಾಲು ಗಂಟೆ ಆ ಹೆಡ್‌ಸೆಟ್ಟಿನ ಡಬ್ಬಿಯ ಮೇಲೆ ಮೊಣಕೈಯೂರಿ ಅವನ ಸಂಸಾರ ಕೇಳಿಸಿಕೊಂಡೆ. ಮದುವೆಯ ದಿನದ ನೆನಪು ತಪ್ಪಿತ್ತು, ಸಾಲದ್ದಕ್ಕೆ ಅದೇ ಸಂಜೆ ಗೆಳೆಯನ ಮನೆಯಲ್ಲಿ ಊಟ ಮಾಡಿ ಬಂದಿದ್ದ. ನಾನು ಹೇಳಬೇಕಾದ್ದು ಹೇಳಿದೆ. ಅವನು ಕಣ್ಣೊರೆಸಿಕೊಂಡು ಡಬ್ಬಿಗೆ ಚೀಲ ಕೊಟ್ಟ. ಮನೆಗೆ ಬಂದಾಗ ಅವನ ಹೆಂಡತಿಗೆ ಯಾವ ಬಣ್ಣ ಇಷ್ಟ ಎಂಬುದು ಸಹ ನನಗೆ ಗೊತ್ತಿತ್ತು. ಹೆಡ್‌ಸೆಟ್ಟಿನ ಬಗ್ಗೆ ಅವನು ಹೇಳಿದ್ದರಲ್ಲಿ ಬಟನ್ ಎಂಬ ಶಬ್ದವೊಂದೇ ತಲೆಯಲ್ಲಿ ಉಳಿದಿತ್ತು.

ಜೋಡಿಸುವುದರಲ್ಲಿ ನನ್ನ ಕೈಚಳಕ ಪೂರ್ತಿ ತೋರಿಸಿದೆ. ಅಂಟಿಸುವ ಪಟ್ಟಿ ನನ್ನ ಮರ್ಯಾದೆಗೆ ಸಾಲದು. ಹೆಲ್ಮೆಟ್ಟಿನ ಒಳಬಟ್ಟೆ ಬಿಚ್ಚಿ, ವೈರನ್ನು ಸ್ಪಂಜಿನ ಕೆಳಗೆ ಹಾಯಿಸಿ, ಪುಟ್ಟ ಮೈಕಿಗೆ ತೆಳುಬಟ್ಟೆಯ ಜೇಬು ಹೊಲಿದು, ಗದ್ದದ ಜಾಗದಲ್ಲಿ ತುಟಿಯ ಮುಂದೆಯೇ ಕೂರಿಸಿ ಮತ್ತೆ ಮುಚ್ಚಿದೆ. ಹೊಲಿಗೆ ಎಲ್ಲಿದೆಯೆಂದು ಹುಡುಕಿದರೂ ಸಿಗಬಾರದು. ಅಷ್ಟು ಚೆನ್ನಾಗಿ ಅಡಗಿಸಿದ ವಸ್ತುವನ್ನು ಎರಡು ದಿನದಲ್ಲಿ ನಾನೇ ಮರೆತೆ.

ಸೋಮವಾರ ಗೇಟಿನಲ್ಲಿ ನಮ್ಮವರ ಧ್ವನಿ ಕಿವಿಯೊಳಗೆ ಜೇನಿನಂತೆ ಇಳಿಯಿತು. "ಕೇಳಿಸ್ತಾ?"

ನಾನು ಬಟನ್ ಒತ್ತಿ ಹಿಡಿದು, "ಕೇಳಿಸ್ತು" ಎಂದೆ. ಬಟನ್ ಬಿಟ್ಟೆ. ಬಿಟ್ಟ ಮೇಲೆ ಬಾಗಿಲು ಮುಚ್ಚಿತು ಎಂದುಕೊಂಡು, ಎಡಕ್ಕೆ ತಿರುಗಿದೊಡನೆ ಗಾಜು ಇಳಿಸಿ ನನ್ನ ನಿತ್ಯದ ಕೆಲಸ ಶುರುಮಾಡಿದೆ.

ಅಲ್ಲಿಂದ ಪವಾಡಗಳು ಮೊದಲಾದವು.

ಎರಡನೇ ಸಿಗ್ನಲ್ ದಾಟಿ, "ದೇವರೇ, ಒದ್ದೆ ಟವೆಲನ್ನು ಹಾಸಿಗೆ ಮೇಲೆ ಹಾಕಬಾರದು ಅನ್ನೋ ಬುದ್ಧಿ ಇವರಿಗೆ ಕೊಡು. ಹನ್ನೊಂದು ವರ್ಷದಿಂದ ಸಹಿಸ್ಕೊಂಡಿದ್ದೀನಿ" ಎಂದಿದ್ದೆ. ಮಂಗಳವಾರ ಬೆಳಿಗ್ಗೆ ಟವೆಲು ಹಗ್ಗದ ಮೇಲೆ! ನಾಲ್ಕು ಮೂಲೆ ಎಳೆದು, ಎರಡು ಕ್ಲಿಪ್ಪು ಹಾಕಿ! ನಾನು ಅದರ ಮುಂದೆ ಕೈಮುಗಿದು ನಿಂತೆ. ಬುಧವಾರ ಅಡುಗೆಮನೆಯ ಕಿಟಕಿಯ ಚಿಲಕದ ಬಗ್ಗೆ ನಿವೇದಿಸಿದೆ. ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡುವವರ ಮನೆಯಲ್ಲಿ ಚಿಲಕಕ್ಕೆ ನಾನು ಎರಡು ವರ್ಷದಿಂದ ಚಮಚ ಸಿಕ್ಕಿಸುತ್ತಿದ್ದೆ. ಗುರುವಾರ ಸಂಜೆ ಚಮಚ ಚಮಚಗಳ ಜೊತೆ ಸೇರಿತು. ಶುಕ್ರವಾರ, "ಊಟ ಹೇಗಿದೆ ಅಂತ ಒಂದು ಮಾತು ಹೇಳೋ ಹಾಗೆ ಮಾಡಪ್ಪಾ" ಎಂದೆ. ಅಂದೇ ಊಟದ ಮಧ್ಯೆ ನಮ್ಮವರು ತಲೆಯೆತ್ತಿ, ಪಾಠ ಒಪ್ಪಿಸುವವರಂತೆ, "ಊಟ ಚೆನ್ನಾಗಿದೆ" ಎಂದರು. ಆಗಿನ್ನೂ ನೀರು ಮಾತ್ರ ಕುಡಿದಿದ್ದರು.

ನನಗೆ ಮೈ ಜುಮ್ಮೆಂದಿತು. ಅಂಗಡಿಯಲ್ಲಿ ಅಳತೆಗೆ ಬಂದವರಿಗೆಲ್ಲ ಬಾಯಲ್ಲಿದ್ದ ಗುಂಡುಪಿನ್ನು ತೆಗೆದಿಟ್ಟು ಪ್ರಾರ್ಥನೆಯ ಮಹಿಮೆ ವಿವರಿಸಿದೆ. "ನಂಬಿಕೆ ಬೇಕು. ನಿಧಾನವಾಗಿ, ಸ್ಪಷ್ಟವಾಗಿ ಕೇಳ್ಬೇಕು" ಎಂದು ಕೊರಿಯರಿನವರಿಗೆ ಬೋಧಿಸಿದೆ. ಅವರು ಆ ಸಂಜೆಯೇ ತಮ್ಮ ಮಾವನ ವಿಷಯ ಕೇಳಿಕೊಂಡರಂತೆ. ಫಲ ಸಿಗಲಿಲ್ಲ. ನಂಬಿಕೆ ಸಾಲದು ಎಂದು ಕಳಿಸಿದೆ.

ಭಾನುವಾರ ನಮ್ಮವರಿಗೂ ಉಪದೇಶ ಮಾಡಿದೆ. "ನೀವೂ ದಿನಾ ಒಂದಿಷ್ಟು ಹೊತ್ತು ದೇವರ ಕಡೆ ಗಮನ ಕೊಡ್ಬೇಕು ರೀ."

"ಕೊಡ್ತಿದ್ದೀನಲ್ಲ, ದಿನಾ ಬೆಳಿಗ್ಗೆ ಹನ್ನೆರಡು ನಿಮಿಷ" ಎಂದು ಇವರು ಪೇಪರಿನ ಹಿಂದೆ ಮುಖ ಮರೆಮಾಡಿಕೊಂಡರು. ಪೇಪರು ಯಾಕೋ ಅಲುಗಾಡುತ್ತಿತ್ತು. ಫ್ಯಾನಿನ ಗಾಳಿ ಎಂದುಕೊಂಡೆ.

ಇಷ್ಟರಲ್ಲಿ ನಮ್ಮವರ ಅಕ್ಕ ಬರುವ ಸುದ್ದಿ ಬಂತು. ನಾನು ಅತ್ತಿಗೆ ಎಂದು ಕರೆಯುವ ಈ ಹಿರಿಯರು ಬಹಳ ಒಳ್ಳೆಯವರು. ಆದರೆ ಬೇರೆಯವರ ಅಡುಗೆಮನೆ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಹೋದ ಸಲ ಬಂದು ಎಲ್ಲ ಡಬ್ಬಿಗಳನ್ನೂ "ಸರಿಯಾಗಿ" ಜೋಡಿಸಿಕೊಟ್ಟು ಹೋದರು. ಅವರು ರೈಲು ಹತ್ತಿದ ದಿನದಿಂದ ನಮ್ಮ ದೊಡ್ಡ ಸಕ್ಕರೆ ಡಬ್ಬಿ ನಾಪತ್ತೆ. ಈ ಸಲ ಎರಡು ತಿಂಗಳು ಇರುತ್ತಾರಂತೆ. ನನ್ನ ಹೊಲಿಗೆಯ ಮೇಜಿನ ಮೇಲೂ ಅವರಿಗೆ ಕಣ್ಣಿದೆ ಎಂದು ನನಗೆ ಗೊತ್ತು. ಅಡುಗೆಮನೆಯನ್ನಾದರೂ ಬಿಟ್ಟುಕೊಟ್ಟೇನು, ಆ ಮೇಜನ್ನು ಹೇಗೆ ಬಿಡಲಿ? ನನ್ನ ಬದುಕು ನಿಂತಿರುವುದೇ ಅದರ ಮೇಲೆ.

ಒಂದು ವಾರದಲ್ಲಿ ಮೂರು ಪವಾಡ ಕಂಡವಳಿಗೆ ಹೆದರಿಕೆ ಎಲ್ಲಿಯದು? ಎರಡನೇ ಸೋಮವಾರ ಕೃತಜ್ಞತೆಯನ್ನೂ ಪರರ ಕಷ್ಟವನ್ನೂ ಬೇಗ ಮುಗಿಸಿ, ಗಂಟಲು ಸರಿಮಾಡಿಕೊಂಡು, ನಿಧಾನವಾಗಿ ಸ್ಪಷ್ಟವಾಗಿ ಕೇಳಿದೆ. ಕಿವಿಯಲ್ಲೇನೋ ಟಿಣ್ ಎಂದಂತಾಯಿತು. ಭಕ್ತಿಯ ಭರದಲ್ಲಿ ಗಮನಿಸಲಿಲ್ಲ.

"ದೇವರೇ, ಅತ್ತಿಗೆ ಒಳ್ಳೆಯವರು. ಅವರ ಒಳ್ಳೆಯತನ ಅವರ ಮನೆಯಲ್ಲೇ ಇರಲಿ. ಆರು ತಿಂಗಳಿಂದ ಸಕ್ಕರೆ ಡಬ್ಬಿ ಹುಡುಕ್ತಿದ್ದೀನಿ. ನನ್ನ ಮೇಜಿಗೆ ಅವರ ಕೈ ತಾಗಿದ್ರೆ ನಾನು ಬದುಕಿರಲ್ಲ. ಅವರ ಆರೋಗ್ಯಕ್ಕೆ ಏನೂ ಮಾಡ್ಬೇಡ, ಚೆನ್ನಾಗಿರಲಿ. ರೈಲಿಗೆ ಮಾತ್ರ ಏನಾದ್ರೂ ಮಾಡು."

"ರೈಲಿಗೆ ಏನು ಮಾಡ್ಬೇಕಮ್ಮಾ?"

ಹೆಣ್ಣು ಧ್ವನಿ. ನನ್ನ ತಲೆಯ ಒಳಗಿನಿಂದಲೇ ಬಂದ ಧ್ವನಿ.

ನಾಲ್ಕು ವರ್ಷದಲ್ಲಿ ಮೊದಲ ಸಲ ಉತ್ತರ ಬಂದಿತ್ತು. ನನ್ನ ಕಣ್ಣು ತುಂಬಿ ಬಂತು. ದೇವರು ಹೆಂಗಸು ಎಂದು ತಿಳಿದು ಒಂದು ಕ್ಷಣ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ಮರುಕ್ಷಣ, ದೇವರ ಧ್ವನಿ ಥೇಟ್ ಅತ್ತಿಗೆಯ ಧ್ವನಿಯಂತೆ ಯಾಕಿದೆ ಎಂದು ಹೊಳೆಯಿತು.

ಬೈಕು ಬೇಕರಿಯ ಮುಂದೆ ಗಕ್ಕನೆ ನಿಂತಿತು. ನಮ್ಮವರ ಬೆನ್ನು ಹಲಗೆಯಂತೆ ಬಿಗಿದಿತ್ತು.

"ಅಕ್ಕಾ" ಎಂದರು ಕಿವಿಯೊಳಗೆ, "ಅದು... ಇವಳು ಪ್ರಾರ್ಥನೆ ಮಾಡ್ತಿದ್ಲು."

"ಕೇಳಿಸ್ತಪ್ಪಾ." ಆಮೇಲೆ ಅತ್ತಿಗೆಯ ಮಾತು ನನ್ನ ಕಡೆ ತಿರುಗಿತು. "ಸಕ್ಕರೆ ಡಬ್ಬಿ ಮೇಲಿನ ಅಟ್ಟದಲ್ಲಿ, ದೊಡ್ಡ ಕುಕ್ಕರಿನ ಒಳಗಿದೆ. ಇರುವೆ ಬರುತ್ತೆ ಅಂತ ಇಟ್ಟಿದ್ದೆ. ಒಂದು ಮಾತು ನನ್ನನ್ನೇ ಕೇಳಿದ್ರೆ ಹೇಳ್ತಿರ್ಲಿಲ್ವಾ? ಅದಕ್ಕೆ ದೇವರ ತನಕ ಹೋಗ್ಬೇಕಿತ್ತಾ?"

"ಅತ್ತಿಗೇ..." ಎಂದೆ. ಅಭ್ಯಾಸಬಲದಿಂದ ಬಟನ್ ಒತ್ತಿದೆ. ಒತ್ತಿದ್ದಕ್ಕೆ ಅವರ ಧ್ವನಿ ಇನ್ನಷ್ಟು ಜೋರಾಯಿತು, ಅಷ್ಟೆ.

"ಈ ಸಲ ಬರೋಕಾಗಲ್ಲ, ಟಿಕೆಟ್ ರದ್ದು ಮಾಡ್ಸಿದೆ ಅಂತ ಹೇಳೋಕೆ ಫೋನ್ ಮಾಡಿದ್ದೆ" ಎಂದರು ಅತ್ತಿಗೆ. "ಈಗ ಗೊತ್ತಾಯ್ತು, ನಿನ್ನ ಮನಸ್ಸಲ್ಲಿ ಎಷ್ಟೊಂದು ಕೂತಿದೆ ಅಂತ. ಇಲ್ಲ, ಇಲ್ಲ, ಬಂದೇ ಬರ್ತೀನಿ. ಎರಡು ತಿಂಗಳು ಎಲ್ಲಿ ಸಾಲುತ್ತೆ? ಮೂರು ಇರ್ತೀನಿ. ಕೂತು ಮಾತಾಡೋಣ. ಆ ಮೇಜು ಮುಟ್ಟಲ್ಲ, ಹೆದರ್ಬೇಡ."

ಫೋನ್ ಇಟ್ಟರು. ದೇವರು ನನ್ನ ಕೋರಿಕೆಯನ್ನು ಮೊದಲೇ ಈಡೇರಿಸಿಟ್ಟಿದ್ದ. ಕೇಳಿ ಕೆಡಿಸಿದವಳು ನಾನು.

ಅಂಗಡಿಯ ಬಾಗಿಲಲ್ಲಿ ಇಳಿದು ಹೆಲ್ಮೆಟ್ ತೆಗೆದೆ. ಕೂದಲು ಕೆದರಿತ್ತು, ಮುಖ ಕೆಂಡವಾಗಿತ್ತು.

"ಎಷ್ಟು ದಿನದಿಂದ ಕೇಳಿಸ್ಕೊಳ್ತಿದ್ದೀರಿ?"

"ಮೊದಲ್ನೇ ದಿನದಿಂದ."

"ಟವೆಲು?"

"ನಾನೇ."

"ಚಿಲಕ?"

"ಹ್ಞೂಂ. ಊಟದ್ದೂ ನಾನೇ. ಅವತ್ತು ಸ್ವಲ್ಪ ಬೇಗ ಹೇಳಿಬಿಟ್ಟೆ."

"ನಿಮಗೆ ನಾಚಿಕೆ ಆಗ್ಲಿಲ್ವಾ ರೀ? ನಾನು ಊರಿಗೆಲ್ಲ ಸಾರಿಕೊಂಡು ಬಂದೆನಲ್ಲ! ಒಂದು ಮಾತು ಹೇಳ್ಬಾರ್ದಿತ್ತಾ?"

ಇವರು ಬೈಕಿನ ಕನ್ನಡಿಯನ್ನು ಬೆರಳಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಮೊದಲ್ನೇ ದಿನ ಹೇಳೋಣ ಅಂತಲೇ ಇದ್ದೆ ಕಣೇ. ಆಮೇಲೆ ಟವೆಲ್ ವಿಷಯ ಬಂತು. ಹನ್ನೊಂದು ವರ್ಷ ಆಯ್ತು, ನೀನು ನನ್ನ ಹತ್ರ ಒಂದಿನವಾದ್ರೂ ಏನಾದ್ರೂ ಕೇಳಿದ್ದೀಯಾ? ಎಲ್ಲರದ್ದೂ ಕೇಳಿಸ್ಕೋತೀಯ, ನಿಂದು ಹೇಳಲ್ಲ. ಹೇಳ್ತಿದ್ದೀಯ ಅಂತ ಗೊತ್ತಾದ ಮೇಲೆ ನಿಲ್ಸೋಕೆ ಮನಸ್ಸು ಬರ್ಲಿಲ್ಲ."

ನನ್ನ ಬಾಯಲ್ಲಿ ಒಂದೂ ಗುಂಡುಪಿನ್ನಿರಲಿಲ್ಲ. ಆದರೂ ಪಿನ್ನು ಇದ್ದಂತೆಯೇ ತುಟಿ ಕಚ್ಚಿಕೊಂಡೆ. ತಾಳ್ಮೆ ತಾಳ್ಮೆ ಎಂದು ಹೊಗಳಿಸಿಕೊಂಡು, ಮನೆಯ ಮನುಷ್ಯನಿಗೆ ಹೇಳಬೇಕಾದ್ದನ್ನೆಲ್ಲ ಅವರ ಬೆನ್ನ ಹಿಂದೆ ಕೂತು ದೇವರಿಗೆ ಹೇಳುತ್ತಿದ್ದೆನಲ್ಲ, ಆ ದೇವರಿಗಾದರೂ ಎಷ್ಟು ನಗು ಬಂದಿರಬೇಕು.

ಅಷ್ಟರಲ್ಲಿ ಇವರ ಹೆಲ್ಮೆಟ್ಟಿನಲ್ಲಿ ಫೋನ್ ಗುಂಯ್ಗುಟ್ಟಿತು. ಯಾವುದೋ ಕಟ್ಟಡ, ಎರಡನೇ ಮಹಡಿ, ಒಳಗೆ ಮೂವರು. "ಹತ್ತೇ ನಿಮಿಷ, ಬಂದೆ" ಎಂದು ಅವರಿಗೆ ಹೇಳಿ, ಬೈಕು ಚಾಲೂ ಮಾಡಿ, ನನ್ನ ಕಡೆ ತಿರುಗಿದರು. ಹೆಡ್‌ಸೆಟ್ಟು ಒಳ್ಳೆಯದನ್ನೇ ಆರಿಸಿದ್ದೆ, ಅದರಲ್ಲಿ ಎರಡು ಮಾತಿಲ್ಲ.

"ನಾಳೆಯಿಂದ ಒಂದು ಕೆಲ್ಸ ಮಾಡ್ತೀನಿ. ಗೇಟಿಂದ ಇಲ್ಲೀತನಕ ನಿನ್ನ ಮೈಕ್ ಆಫ್ ಮಾಡಿಡ್ತೀನಿ. ನೀನುಂಟು, ನಿನ್ನ ದೇವರುಂಟು. ಸರಿನಾ?"

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಹೆಲ್ಮೆಟ್ಟನ್ನು ಎದೆಗೆ ಅಪ್ಪಿಕೊಂಡೆ.

"ಬೇಡ" ಎಂದೆ. "ಮೆಟ್ಟಿಲ ದೀಪ ಕೆಟ್ಟಿದೆ, ಅದನ್ನ ಇನ್ನೂ ಕೇಳಿಲ್ಲ."