ಮೂವತ್ತೊಂದು ಹೆಸರುಗಳ ವಂದನಾರ್ಪಣೆ

ನಾನು ನಿಂತಿದ್ದ ಜಾಗ ಇದು: ಬರ್ಮಿಂಗ್‌ಹ್ಯಾಮಿನಲ್ಲಿ ಹಳೆಯ ಲೈಬ್ರರಿಯೊಂದನ್ನು ಕಲಾಕೇಂದ್ರ ಮಾಡಿದ್ದಾರೆ. ಅದರ ಕೆಳಗಿನ ಹಾಲ್‌ನಲ್ಲಿ, ವೇದಿಕೆಯ ಬಲಗಡೆ, ಮೈಕಿನ ಹಿಂದೆ, ನೆಲಕ್ಕೆ ಟೇಪು ಹಚ್ಚಿದ ವೈರಿನಿಂದ ಒಂದು ಹೆಜ್ಜೆ ಈಚೆ. ಹೊತ್ತು: ಹೋದ ವರ್ಷದ ಹಿಂದಿನ ವರ್ಷ, ಅಕ್ಟೋಬರಿನ ಮೂರನೇ ಶನಿವಾರ, ಸಂಜೆ ನಾಲ್ಕು ಗಂಟೆ ನಲವತ್ತೇಳು ನಿಮಿಷ. ಗಡಿಯಾರ ನನ್ನ ಎದುರಿನ ಗೋಡೆಯ ಮೇಲೇ ಇತ್ತು. ಆದ್ದರಿಂದ ಹೊತ್ತು ಹೋಗಿದ್ದು ಗೊತ್ತಾಗಲಿಲ್ಲ ಎಂಬ ನೆಪ ನನಗಿಲ್ಲ.

ನಾನು ಅರಿವಳಿಕೆ ವೈದ್ಯ. ಮನೆ ವುಲ್ವರ್‌ಹ್ಯಾಂಪ್ಟನ್‌ನಲ್ಲಿ. ಜನರನ್ನು ಮಲಗಿಸುವುದು, ಹೇಳಿದ ಹೊತ್ತಿಗೆ ಸರಿಯಾಗಿ ಎಬ್ಬಿಸುವುದು ನನ್ನ ಉದ್ಯೋಗ. ಬಿಡುವಿನಲ್ಲಿ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಅಲ್ಲಿ ಮೊದಲ ಅರ್ಧ ಕೆಲಸ ಮಾತ್ರ.

ಎಲ್ಲ ಶುರುವಾಗಿದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ. ಆಪರೇಷನ್ ಥಿಯೇಟರಿನ ಹೊರಗಿನ ನೆಲ ಒರೆಸುವ ಮಾರಿಸೋಲ್ ಬೊಲಿವಿಯಾದವರು. ಅವರು ಕವಿತೆ ಬರೆಯುತ್ತಾರೆಂದು ನನಗೆ ಆರು ವರ್ಷ ಗೊತ್ತಿರಲಿಲ್ಲ. ಏಕೆಂದರೆ ಆರು ವರ್ಷವೂ ನಾನು ಅವರಿಗೆ ಹೇಳಿದ್ದು 'ಗುಡ್ ಮಾರ್ನಿಂಗ್' ಮಾತ್ರ. ಆ ಸೆಪ್ಟೆಂಬರಿನಲ್ಲಿ ಒಂದು ದಿನ ಮಾಪನ್ನು ಗೋಡೆಗೆ ಒರಗಿಸಿ ಅವರೇ ನನ್ನನ್ನು ನಿಲ್ಲಿಸಿದರು.

ಊರಿನಲ್ಲಿ ಅವರದ್ದೊಂದು ಗುಂಪಿದೆಯಂತೆ. ಬರೆಯುವ, ಹಾಡುವ ಲ್ಯಾಟಿನಾ, ಅಂದರೆ ಲ್ಯಾಟಿನ್ ಅಮೆರಿಕದ ಹೆಂಗಸರು, ಎಂಟು ಜನ. ಒಬ್ಬಾಕೆ ಬಸ್ ಓಡಿಸುತ್ತಾರೆ, ಇಬ್ಬರು ಶಾಲೆಯ ಅಡುಗೆಮನೆಯಲ್ಲಿದ್ದಾರೆ. ಎಲ್ಲರಿಗಿಂತ ಹಿರಿಯರು ಒಫೀಲಿಯಾ, ಚಿಲಿಯವರು, ವಯಸ್ಸು ಎಪ್ಪತ್ತಾರು. ಐವತ್ತು ವರ್ಷದ ಹಿಂದೆ ಸೈನ್ಯಕ್ಕೆ ಹೆದರಿ ದೇಶ ಬಿಟ್ಟು ಬರುವಾಗ ಚೀಲದಲ್ಲಿ ಬಟ್ಟೆಯ ಬದಲು ಚರಾಂಗೊ ಇಟ್ಟುಕೊಂಡು ಬಂದವರು. ಚರಾಂಗೊ ಅಂದರೆ ಹತ್ತು ತಂತಿಯ ಪುಟ್ಟ ಗಿಟಾರು, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿ ನುಡಿಸುತ್ತಾರೆ. ಇವರೆಲ್ಲ ಅಭ್ಯಾಸ ಮಾಡುವುದು ಒಂದು ಲಾಂಡ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಬಟ್ಟೆ ಒಣಗಿಸುವ ಯಂತ್ರ ತಿರುಗತೊಡಗಿದರೆ ಕವಿತೆ ನಿಲ್ಲಬೇಕು. ಈಗ ಕಲಾಕೇಂದ್ರದ ಮಹಡಿಯ ಕೋಣೆ ಒಂದು ವರ್ಷ ಪುಕ್ಕಟೆ ಸಿಗುವಂತಿದೆ. ಯಾರಿಗೆ ಕೊಡಬೇಕೆಂದು ತೀರ್ಮಾನಿಸುವಾಕೆ ಹೆಲೆನ್. ಆಕೆ ಒಮ್ಮೆ ಇವರನ್ನು ಕೇಳಬೇಕು. ಆಕೆಗೆ ಬಿಡುವಿರುವುದು ಆ ಮೂರನೇ ಶನಿವಾರ ಮಾತ್ರ. ಆ ಶನಿವಾರ ಎರಡರಿಂದ ಐದರವರೆಗೆ ಹಾಲ್ ಇರುವುದು ನಮ್ಮ ಸಂಘದ ಹೆಸರಿನಲ್ಲಿ.

"ಇಪ್ಪತ್ತು ನಿಮಿಷ ಕೊಡ್ತೀರಾ ಡಾಕ್ಟರ್?" ಅಂದರು ಮಾರಿಸೋಲ್.

"ಇಪ್ಪತ್ತು ಯಾಕೆ, ನಲವತ್ತು ತಗೊಳ್ಳಿ," ಅಂದೆ ನಾನು. ಎದೆಯುಬ್ಬಿಸಿಕೊಂಡು ಅಂದೆ. ಅಂದಿನ ಮಟ್ಟಿಗೆ ನನ್ನನ್ನು ನೋಡಿದರೆ ನನಗೇ ಇಷ್ಟವಾಗುತ್ತಿತ್ತು.

ಕಾರ್ಯಕಾರಿ ಸಮಿತಿಯ ಸಭೆ ನಮ್ಮ ಅಧ್ಯಕ್ಷರಾದ ಡಾಕ್ಟರ್ ವಿರೂಪಾಕ್ಷ ಅವರ ಮನೆಯಲ್ಲಿ ನಡೆಯಿತು. ವಿಷಯ ಹೇಳಿದೆ. ಎಲ್ಲರಿಗೂ ಸಂತೋಷವಾಯಿತು. ನಮ್ಮ ಸಂಘದವರಿಗೆ ಸಂತೋಷವಾದರೆ ಅಪಾಯ, ಕೂಡಲೇ ಶಾಲು ತರಿಸುತ್ತಾರೆ. ಯಾರಿಗೆ ಹಾರ, ಯಾರಿಗೆ ಮೈಸೂರು ಪೇಟ, ಹಣ್ಣಿನ ಬುಟ್ಟಿಯಲ್ಲಿ ಅನಾನಸ್ ಇರಬೇಕೋ ಬೇಡವೋ ಎಂದು ಚರ್ಚೆ ನಡೆಯಿತು. ನನ್ನ ಹೆಂಡತಿ ವಸುಧಾ ಬೋಂಡಾ ತಟ್ಟೆ ಕೆಳಗಿಟ್ಟು, ಮೊದಲು ಅವರದ್ದನ್ನು ಮುಗಿಸಿಬಿಡಿ, ಆಮೇಲೆ ನಿಮ್ಮದೆಲ್ಲ ಇಟ್ಟುಕೊಳ್ಳಿ ಎಂದಳು.

ಅಧ್ಯಕ್ಷರು ನಕ್ಕರು. "ಬಂದ ತಕ್ಷಣ ಹಾಡಿಸಿಬಿಟ್ರೆ ಬ್ಯಾಂಡ್‌ಸೆಟ್‌ನೋರು ಅಂತ ಆಗತ್ತಲ್ಲಮ್ಮ. ಅತಿಥಿಗಳು ಅಂದ್ಮೇಲೆ ಮೊದಲು ಗೌರವ."

ಸಮಿತಿಯ ಹನ್ನೊಂದು ಜನವೂ ತಲೆಯಾಡಿಸಿದರು. ಹನ್ನೊಂದರಲ್ಲಿ ನಾನೂ ಒಬ್ಬ. ಆಹ್ವಾನ ಪತ್ರಿಕೆಯಲ್ಲಿ ಹದಿನಾಲ್ಕು ಕಲಾಪಗಳು ಅಚ್ಚಾದವು. ಹನ್ನೆರಡನೆಯದು ಅವರ ಕವಿತೆ ಮತ್ತು ಸಂಗೀತ. ಹದಿಮೂರನೆಯದು ವಂದನಾರ್ಪಣೆ, ನನ್ನಿಂದ. ಹದಿನಾಲ್ಕನೆಯದು ಬಿಸಿಬೇಳೆಬಾತ್.

ಶನಿವಾರ ಬಂತು. ಎರಡಕ್ಕೆ ಸರಿಯಾಗಿ ಹಾಲ್‌ನಲ್ಲಿ ಇದ್ದವರು ಎಂಟು ಲ್ಯಾಟಿನಾ ಹೆಂಗಸರು, ಹೆಲೆನ್ ಮತ್ತು ಕಟ್ಟಡ ನೋಡಿಕೊಳ್ಳುವ ಟ್ರೆವರ್. ಕನ್ನಡಿಗರು ಎರಡೂವರೆಗೆ ಬರತೊಡಗಿದರು. ಎರಡು ನಲವತ್ತಕ್ಕೆ ದೀಪ ಬೆಳಗುವ ಕಾರ್ಯಕ್ರಮ.

ಇಲ್ಲಿ ಒಂದು ತೊಡಕು. ಹಾಲ್‌ನಲ್ಲಿ ಬೆಂಕಿ ಹಚ್ಚಕೂಡದು, ಅಲಾರಂ ಹೊಡೆಯುತ್ತದೆ ಎಂದು ಟ್ರೆವರ್ ಮೊದಲೇ ಹೇಳಿದ್ದ. ಅದಕ್ಕೆ ನಾನು ಬ್ಯಾಟರಿಯ ದೀಪ ತರಿಸಿದ್ದೆ, ಕಂಬ ಹಿತ್ತಾಳೆ ಬಣ್ಣದ್ದು, ಹಿಂದೆ ಒಂದು ಸ್ವಿಚ್ಚು. ಗಣ್ಯರು ಆರು ಜನ. ಆರೂ ಜನ ಬೆಳಗಬೇಕು, ಅದು ಪದ್ಧತಿ. ಅಧ್ಯಕ್ಷರು ಒತ್ತಿದರು, ಬೆಳಗಿತು. ಖಜಾಂಚಿ ಒತ್ತಿದರು, ಆರಿತು. ಮೂರನೆಯವರು ಬೆಳಗಿದರು, ನಾಲ್ಕನೆಯವರು ಆರಿಸಿದರು. ಆರನೆಯವರು ಕೈ ಮುಗಿದು ಹಿಂದೆ ಸರಿದಾಗ ದೀಪ ಆರಿತ್ತು. ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ವಸುಧಾಳನ್ನು ಕರೆದೆ. ಅವಳು ಬಂದು ಒತ್ತಿ, ನನ್ನ ಕಿವಿಯ ಹತ್ತಿರ, "ಇಷ್ಟೇ ತಾನೆ? ಈಗಲಾದ್ರೂ ಅವರನ್ನ ಕರೀರಿ," ಎಂದು ಇಳಿದು ಹೋದಳು.

ಕರೆಯಲಿಲ್ಲ. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ಅಧ್ಯಕ್ಷರ ಪ್ರಾಸ್ತಾವಿಕ ಭಾಷಣ ಬಂತು. ಕರ್ನಾಟಕಕ್ಕೂ ದಕ್ಷಿಣ ಅಮೆರಿಕಕ್ಕೂ ಇರುವ ನಂಟನ್ನು ಅವರು ಕನ್ನಡದಲ್ಲಿ ಇಪ್ಪತ್ಮೂರು ನಿಮಿಷ ವಿವರಿಸಿದರು. ಆಲೂಗಡ್ಡೆ ಅಲ್ಲಿಂದ ಬಂತು, ಟೊಮೇಟೊ ಅಲ್ಲಿಂದ ಬಂತು, ಮೆಣಸಿನಕಾಯಿ ಅಲ್ಲಿಂದ ಬಂತು. ನನ್ನ ಪಕ್ಕದಲ್ಲಿ ಕೂತಿದ್ದ ಮಾರಿಸೋಲ್, ಅಧ್ಯಕ್ಷರು ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ನಿಮ್ಮ ಬಗ್ಗೆಯೇ ಹೇಳುತ್ತಿದ್ದಾರೆ ಎಂದೆ.

"ನಮ್ಮ ಬಗ್ಗೆ ಏನು?"

"ಮೆಣಸಿನಕಾಯಿ," ಎಂದೆ.

ಅವರು ಕೈಯಲ್ಲಿದ್ದ ಕಾಗದವನ್ನು ಮತ್ತೊಂದು ಮಡಿಕೆ ಮಡಿಸಿದರು. ಅದು ಕವಿತೆ. ಸಭೆ ಶುರುವಾದಾಗ ಅದು ಒಂದೇ ಮಡಿಕೆಯಲ್ಲಿತ್ತು. ಈಗ ನಾಲ್ಕು.

ನಂತರ ಅತಿಥಿಗಳ ಪರಿಚಯ, ಎಂಟು ಜನರದ್ದು. ನಂತರ ಸನ್ಮಾನ. ಒಬ್ಬೊಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿ, ಹಾರ ಹಾಕಿ, ಪೇಟ ತೊಡಿಸಿ, ಬುಟ್ಟಿ ಕೊಟ್ಟು, ಫೋಟೊಗೆ ನಿಲ್ಲಿಸಿ ಕಳಿಸುವುದಕ್ಕೆ ಐದು ನಿಮಿಷ. ಎಂಟೈದಲ ನಲವತ್ತು. ನಾನು ಕಾರಿಡಾರಿನಲ್ಲಿ ಕೊಡುತ್ತೇನೆಂದ ನಲವತ್ತು ನಿಮಿಷ ಇದೇ. ಮಾತು ತಪ್ಪಲಿಲ್ಲ.

ಒಫೀಲಿಯಾ ಚರಾಂಗೊವನ್ನು ಕೆಳಗಿಡಲು ಒಪ್ಪಲಿಲ್ಲ. ಆದ್ದರಿಂದ ಅದಕ್ಕೂ ಸೇರಿಸಿ ಶಾಲು ಹೊದಿಸಿದರು. ಹಾರದ ದಾರ ತಂತಿಯ ಬಿರಡೆಗೆ ಸಿಕ್ಕಿಕೊಂಡಿತು. ಬಿಡಿಸುವವರು ಎಳೆದರು, ಸೇವಂತಿಗೆ ಉದುರಿತು, ಎರಡು ಬಿರಡೆ ತಿರುಗಿದವು. ಪೇಟ ದೊಡ್ಡದಾಗಿತ್ತು, ಕಣ್ಣಿನ ಮೇಲೆ ಇಳಿಯಿತು. ಆಕೆ ನಗುತ್ತಲೇ ಇದ್ದರು. ಕಣ್ಣು ಮುಚ್ಚಿಹೋದ ಮೇಲೂ ಬಾಯಿ ನಗುತ್ತಿತ್ತು, ಅದನ್ನು ನಾನು ಮೂರು ಅಡಿ ದೂರದಿಂದ ನೋಡಿದೆ.

ನಾಲ್ಕು ಗಂಟೆ ಮೂವತ್ತೆಂಟು ನಿಮಿಷಕ್ಕೆ ಅವರು ಪೇಟವನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, ಚರಾಂಗೊವನ್ನು ಎದೆಗೊತ್ತಿ, ಬಿರಡೆ ತಿರುಗಿಸಿ ಒಂದೊಂದೇ ತಂತಿ ಮೀಟಿ ನೋಡತೊಡಗಿದರು. ಶ್ರುತಿ ಮಾಡಿಕೊಳ್ಳುತ್ತಿದ್ದರು. ತಂಬೂರಿಯ ಶ್ರುತಿ ಸೇರುವವರೆಗೆ ಉಸಿರು ಬಿಗಿಹಿಡಿದು ಕೂರುವ ಮನೆಗಳಲ್ಲಿ ಬೆಳೆದವರು ನಾವು. ಒಂದು ನಿಮಿಷ ಮೀಟಿ, ತಂತಿ ಸರಿಹೋಯಿತೆಂದು ಅವರು ಕೈ ನಿಲ್ಲಿಸಿದಾಗ ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಇಡೀ ಸಭೆ ತಟ್ಟಿತು. ಅಧ್ಯಕ್ಷರು ಮೈಕಿಗೆ ಬಂದು, ಸಂಗೀತಕ್ಕೆ ಭಾಷೆಯಿಲ್ಲ, ಅದ್ಭುತವಾಗಿ ನುಡಿಸಿದಿರಿ ಎಂದು ಇಂಗ್ಲಿಷಿನಲ್ಲಿ ಹೇಳಿ, ಎಲ್ಲರನ್ನೂ ಗ್ರೂಪ್ ಫೋಟೊಗೆ ಕರೆದರು.

ನಾನು ಚಪ್ಪಾಳೆ ತಟ್ಟಿದೆನೆ? ತಟ್ಟಿದೆ. ಅದು ಶ್ರುತಿಯೆಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ತಟ್ಟಿದೆ. ಎಲ್ಲರೂ ತಟ್ಟುವಾಗ ಒಬ್ಬನೇ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎನಿಸಿತು.

ಫೋಟೊ ಮುಗಿದಾಗ ನಾಲ್ಕು ನಲವತ್ತೇಳು. ಮೈಕಿನ ಹಿಂದೆ, ಮೊದಲು ಹೇಳಿದ ಜಾಗದಲ್ಲಿ ನಾನು ನಿಂತಿದ್ದೆ. ಹೆಲೆನ್ ಮುಂದಿನ ಸಾಲಿನಲ್ಲಿ ಕೋಟು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಐದಕ್ಕೆ ಮಕ್ಕಳ ಕರಾಟೆ ತರಗತಿ. ಬಿಳಿ ಬಟ್ಟೆಯ ಮಕ್ಕಳು ಆಗಲೇ ಬಾಗಿಲ ಗಾಜಿಗೆ ಮೂಗು ಒತ್ತಿದ್ದರು. ಮಾರಿಸೋಲ್ ವೇದಿಕೆ ಹತ್ತಿ ನನ್ನ ಪಕ್ಕಕ್ಕೆ ಬಂದರು. ಪೇಟ ಇನ್ನೂ ತಲೆಯ ಮೇಲಿತ್ತು.

"ಒಂದೇ ಕವಿತೆ ಡಾಕ್ಟರ್. ಒಫೀಲಿಯಾ ನುಡಿಸ್ತಾರೆ, ನಾನು ಓದ್ತೀನಿ. ನಾಲ್ಕು ನಿಮಿಷ. ಹೆಲೆನ್ ಇನ್ನೂ ಇದ್ದಾರೆ."

ನನ್ನ ಕೈಯಲ್ಲೂ ಒಂದು ಕಾಗದವಿತ್ತು. ವಂದನಾರ್ಪಣೆಯ ಪಟ್ಟಿ, ಮೂವತ್ತೊಂದು ಹೆಸರು. ಹಿಂದಿನ ವರ್ಷ ನಾನು ಒಂದು ಹೆಸರು ಬಿಟ್ಟಿದ್ದೆ: ನೂರಿಪ್ಪತ್ತು ಜನಕ್ಕೆ ಚಟ್ನಿ ರುಬ್ಬಿ ತಂದ ಬರ್ಚ್‌ವುಡ್ಡಿನ ಪ್ರಭಾಕರ ಶೆಟ್ಟರದ್ದು. ಅವರು ಆಮೇಲೆ ನಮ್ಮನ್ನು ಗೃಹಪ್ರವೇಶಕ್ಕೆ ಕರೆಯಲಿಲ್ಲ. ಆ ದಿನ ಶೆಟ್ಟರು ಎರಡನೇ ಸಾಲಿನಲ್ಲಿ ಕೂತು ನನ್ನ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದರು.

ನನ್ನ ಎದುರು ಹದಿಮೂರು ನಿಮಿಷ ಇತ್ತು. ನಾಲ್ಕು ಅವರಿಗೆ ಕೊಟ್ಟರೂ ಒಂಬತ್ತು ಉಳಿಯುತ್ತಿತ್ತು. ದಿನಾಲೂ ಮಿಲಿಗ್ರಾಂ ಲೆಕ್ಕದಲ್ಲಿ ಔಷಧಿ ಅಳೆಯುವ ಮನುಷ್ಯ ನಾನು, ಈ ಕಳೆಯುವ ಲೆಕ್ಕ ಬಾರದವನಲ್ಲ.

"ಒಂದೇ ನಿಮಿಷ ಮಾರಿಸೋಲ್," ಅಂದೆ. "ಥ್ಯಾಂಕ್ಸ್ ಹೇಳಿ ಮುಗಿಸ್ತೀನಿ. ಆಮೇಲೆ ನೀವೇ."

ಓದತೊಡಗಿದೆ. ಪ್ರತಿ ಹೆಸರಿಗೂ ಒಂದು 'ಹೃತ್ಪೂರ್ವಕ'. ಶೆಟ್ಟರಿಗೆ ಎರಡು. ಜನ ನನ್ನ ಕಸುಬಿನ ಪ್ರಕಾರ ಮಲಗತೊಡಗಿದರು. ಮಾರಿಸೋಲ್ ಪಕ್ಕದಲ್ಲೇ ನಿಂತಿದ್ದರು, ಕವಿತೆಯನ್ನು ಬಿಚ್ಚಿ ಹಿಡಿದುಕೊಂಡು. ಒಫೀಲಿಯಾ ಎಡಗೈ ಬೆರಳುಗಳನ್ನು ತಂತಿಯ ಮೇಲೆ ಜೋಡಿಸಿಟ್ಟುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದರು, ಯಾವ ಹೆಸರು ಕೊನೆಯದೋ ಎಂದು. ಇಪ್ಪತ್ತೊಂಬತ್ತನೆಯದು ಹೆಲೆನ್ ಅವರದ್ದು. ಬಿಡುವು ಮಾಡಿಕೊಂಡು ಬಂದು ಕೊನೆಯವರೆಗೂ ನಮ್ಮೊಂದಿಗಿದ್ದ ಹೆಲೆನ್ ಅವರಿಗೆ ಎಂದು ಓದಿ ತಲೆಯೆತ್ತಿದೆ. ಕುರ್ಚಿ ಖಾಲಿ! ಕುರ್ಚಿಗೇ ಕೈ ಮುಗಿದೆ.

ಐದು ಗಂಟೆಗೆ ಟ್ರೆವರ್ ವೇದಿಕೆಯ ದೀಪ ಆರಿಸಿದ. ಕರಾಟೆ ಮಕ್ಕಳು ಒಳಗೆ ನುಗ್ಗಿದರು. ಬ್ಯಾಟರಿ ದೀಪವೊಂದು ಮಾತ್ರ ಉರಿಯುತ್ತಿತ್ತು, ಅದನ್ನು ಆರಿಸಲು ಯಾರಿಗೂ ನೆನಪಾಗಲಿಲ್ಲ. ಒಫೀಲಿಯಾ ಸೇವಂತಿಗೆ ಎಸಳುಗಳನ್ನು ತಂತಿಗಳ ನಡುವಿನಿಂದ ಒಂದೊಂದೇ ತೆಗೆದು ಹಣ್ಣಿನ ಬುಟ್ಟಿಗೆ ಹಾಕುತ್ತಿದ್ದರು. ನಾನು ಬಿಸಿಬೇಳೆಬಾತ್ ತಿಂದೇ ಹೋಗಬೇಕೆಂದು ಅವರನ್ನು ಒತ್ತಾಯ ಮಾಡಿದೆ. ಅವರು ತಿಂದರು. ಚೆನ್ನಾಗಿದೆ ಎಂದರು.

ಮನೆಗೆ ಹೋಗುವಾಗ ಕಾರು ವಸುಧಾ ಓಡಿಸಿದಳು. ಅರ್ಧ ದಾರಿಯಲ್ಲಿ ಹೇಳಿದಳು:

"ಮೂವತ್ತೊಂದು ಹೆಸರು ಓದಿದ್ರಿ. ಮಾರಿಸೋಲ್, ಒಫೀಲಿಯಾ ಇಬ್ಬರದೂ ಇರಲಿಲ್ಲ ರೀ."

ಅತಿಥಿಗಳಿಗೆಲ್ಲ ಒಟ್ಟಾಗಿ ಕೃತಜ್ಞತೆ ಹೇಳಿದ್ದೇನೆ, ಕೊನೆಯ ಸಾಲಿನಲ್ಲಿತ್ತು ಎಂದೆ. ಕೊನೆಯ ಸಾಲು ಓದುವಾಗ ಟ್ರೆವರ್ ಮೈಕನ್ನೂ ಆರಿಸಿದ್ದ ಎಂದಳು. ಅದೂ ನಿಜ.

ಮೂರು ವಾರದ ಮೇಲೆ ಹೆಲೆನ್ ಅವರ ಪತ್ರ ಬಂತು. ಆ ಗುಂಪಿನದು ಸಾಕಷ್ಟು ಕೇಳಲಾಗದ ಕಾರಣ ಅಭಿಪ್ರಾಯ ಹೇಳಲು ಆಗುತ್ತಿಲ್ಲ ಎಂದು ವಿಷಾದಿಸಿದ್ದರು. ಆದರೆ ನಮ್ಮ ಸಂಘದ ಶಿಸ್ತು, ಆತಿಥ್ಯ, ಸಂಪ್ರದಾಯ ಅವರ ಮನಸ್ಸಿಗೆ ಬಹಳ ಹಿಡಿಸಿತ್ತು. ಇರಲಿ ಎಂದು ಅಧ್ಯಕ್ಷರೂ ಆ ಕೋಣೆಗೆ ಒಂದು ಅರ್ಜಿ ಹಾಕಿದ್ದರಂತೆ, ನನಗೆ ಆಗಲೇ ತಿಳಿದಿದ್ದು. ಕೋಣೆ ನಮಗೆ ಸಿಕ್ಕಿತು. ಶನಿವಾರ ಅಲ್ಲೇ ಸೇರುತ್ತಿದ್ದೆವು. ತುಂಬ ನಿಶ್ಶಬ್ದವಾದ ಕೋಣೆ, ಅಲ್ಲಿ ಕೂತು ಮುಂದಿನ ಕಾರ್ಯಕ್ರಮದಲ್ಲಿ ಯಾರಿಗೆ ಸನ್ಮಾನ ಎಂದು ಚರ್ಚಿಸುತ್ತಿದ್ದೆವು. ಬಿಟ್ಟುಕೊಡೋಣ ಎಂದು ನಾನು ಒಮ್ಮೆ ಸಭೆಯಲ್ಲಿ ಸೂಚಿಸಿದೆ. ಯಾರೂ ಅನುಮೋದಿಸಲಿಲ್ಲ. ಸೂಚನೆಯನ್ನು ನಾನೇ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡೆ, ನಾನೇ ಸಹಿ ಹಾಕಿದೆ.

ಒಫೀಲಿಯಾ ಈ ಫೆಬ್ರವರಿಯಲ್ಲಿ ತೀರಿಕೊಂಡರು. ಮಾರಿಸೋಲ್ ಕಾರಿಡಾರಿನಲ್ಲಿ ಹೇಳಿದರು. ಆ ಶಾಲನ್ನು ಆಕೆ ಚರಾಂಗೊಗೆ ಸುತ್ತಿಡುತ್ತಿದ್ದರಂತೆ, ಚಳಿಗೆ ತಂತಿ ಬಿಗಿಯುತ್ತದೆ ಅಂತ. ಅಂತ್ಯಕ್ರಿಯೆಯಲ್ಲಿ ಗುಂಪಿನವರೆಲ್ಲ ಹಾಡುತ್ತಾರೆ, ಬನ್ನಿ ಎಂದರು. ಅಂದು ಆಸ್ಪತ್ರೆಯಲ್ಲಿ ನನ್ನ ಡ್ಯೂಟಿ ಇತ್ತು. ಬದಲಾಯಿಸಿಕೊಳ್ಳಬಹುದಿತ್ತು. ಬದಲಾಯಿಸಿಕೊಳ್ಳಲಿಲ್ಲ, ಹೂವಿನ ಹಾರ ಕಳಿಸಿದೆ. ನನ್ನ ಕೈಲಾಗುವುದು ಅದೊಂದೇ. ಹೀಗಾಗಿ ಆಕೆ ಹೇಗೆ ನುಡಿಸುತ್ತಿದ್ದರು ಎಂದು ಕೇಳಿದರೆ ನಾನು ಸಾಕ್ಷಿ ಹೇಳಲಾರೆ. ಶ್ರುತಿ ಮಾತ್ರ ಕೇಳಿದ್ದೇನೆ. ಸರಿಯಾಗಿತ್ತು.

ಆ ಮಧ್ಯಾಹ್ನ ಇದನ್ನೆಲ್ಲ ಕಣ್ಣಾರೆ ಕಂಡು ಇಂದಿಗೂ ಬದುಕಿರುವವರು ಇವರು: ವುಲ್ವರ್‌ಹ್ಯಾಂಪ್ಟನ್‌ನಲ್ಲಿ ನನ್ನ ಹೆಂಡತಿ ವಸುಧಾ, ನಮ್ಮ ಅಧ್ಯಕ್ಷ ಡಾಕ್ಟರ್ ವಿರೂಪಾಕ್ಷ, ಈಗ ನಮ್ಮನ್ನು ಮನೆಗೆ ಕರೆಯುವ ಪ್ರಭಾಕರ ಶೆಟ್ಟರು, ನಾಲ್ಕು ಐವತ್ತೈದರವರೆಗಿನದಕ್ಕೆ ಮಾತ್ರ ಸಾಕ್ಷಿಯಾದ ಹೆಲೆನ್, ಟ್ರೆವರ್, ಮತ್ತು ನಾನು ಥಿಯೇಟರಿಗೆ ಹೋಗುವಾಗ ಒದ್ದೆ ನೆಲದ ಮೇಲೆ ಹಳದಿ ಬೋರ್ಡು ಇಟ್ಟು, ಜಾಗ್ರತೆ ಡಾಕ್ಟರ್ ಎನ್ನುವ ಮಾರಿಸೋಲ್. ಅಚಾತುರ್ಯದಿಂದ ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ದಯವಿಟ್ಟು ಕ್ಷಮಿಸಬೇಕು. ಒಫೀಲಿಯಾ ಅವರ ಹೆಸರು ಬಿಟ್ಟಿರುವುದು ಅಚಾತುರ್ಯದಿಂದಲ್ಲ.