ಬಯಲು ಸಾಕಷ್ಟಿದೆ

ಅಶ್ವತ್ಥಪ್ಪನ ಮನೆಯಲ್ಲಿ ಒಂದು ಕಾನೂನಿತ್ತು: ಆಫೀಸಿನ ಮಾತು ಮನೆಗೆ ಬರಕೂಡದು. ಅವನು ಕೋಲಾರದ ಒಂದು ಸರ್ಕಾರಿ ಕಚೇರಿಯಲ್ಲಿ ಶಾಲಾ ಕಟ್ಟಡಗಳ ಕಡತ ನೋಡುವ, ಅಕ್ಷರ ದುಂಡಗೆ ಬರೆಯುವ ಗುಮಾಸ್ತ. ಹೆಂಡತಿ ವೆಂಕಟರತ್ನಮ್ಮ ಕ್ಯಾಲನೂರಿನಾಚೆ ಒಂದು ಹಳ್ಳಿ ಶಾಲೆಯಲ್ಲಿ ಮೇಡಂ. ನಮ್ಮ ಶಾಲೇಲಿ ಅಂತ ಅವಳು ಬಾಯಿ ತೆಗೆದರೆ ಸಾಕು, ಇವನು ಕೈ ಎತ್ತಿ, ಏನಿದ್ದರೂ ಹೆಡ್‌ಮಾಸ್ತರ ಮುಖಾಂತರ ಬರಲಿ ಅನ್ನುತ್ತಿದ್ದ. (ಮುದ್ದೆ ಸಾರು ಮಾತ್ರ ಯಾರ ಮುಖಾಂತರವೂ ಬೇಡ, ನೇರವಾಗಿ ತಟ್ಟೆಗೇ ಬರಬೇಕು.) ಅವಳೂ ಹೇಳುವುದನ್ನು ಬಿಟ್ಟುಬಿಟ್ಟಿದ್ದಳು.

ಎಂಬತ್ತೆರಡನೇ ಇಸವಿಯ ಶ್ರಾವಣದಲ್ಲಿ ವೆಂಕಟರತ್ನಮ್ಮನಿಗೆ ಸೊಂಟದ ಮೇಲೆ ಬಲಗಡೆ ನೋವು ಶುರುವಾಯಿತು. ಜೊತೆಗೆ ಚಳಿಜ್ವರ, ಉರಿಮೂತ್ರ. ಡಾಕ್ಟರು ಎಕ್ಸ್‌ರೇ ತೆಗೆಸಿ, ಮೂತ್ರಪಿಂಡದಲ್ಲಿ ಕಲ್ಲಿದೆ, ಸೋಂಕೂ ಆಗಿದೆ ಅಂದರು. ದಿನಕ್ಕೆ ಹತ್ತು ಹನ್ನೆರಡು ಲೋಟ ನೀರು ಕುಡೀಬೇಕು, ಬಂದದ್ದನ್ನು ತಡೆಹಿಡಿಯಬಾರದು, ಹೀಗೇ ಬಿಟ್ಟರೆ ಆ ಕಡೆಯದು ಕೆಟ್ಟೇ ಹೋಗುತ್ತೆ ಅಂತ ಎಚ್ಚರಿಸಿದರು. ಅತ್ತೆ ದೊಡ್ಡಮುನಿಯಮ್ಮನಿಗೆ ಬೇರೇನೂ ಕೇಳಿಸಲಿಲ್ಲ, ಪಿಂಡ ಅನ್ನುವುದಷ್ಟೇ ಕೇಳಿಸಿತು. ಬದುಕಿರೋರ ಮೈಯೊಳಗೆ ದೇವರು ಅದನ್ನ ಯಾಕಪ್ಪಾ ಇಟ್ಟ ಅಂತ ಮೂಲೆಯಲ್ಲಿ ಕೂತು ಅತ್ತಳು.

ಅಶ್ವತ್ಥಪ್ಪನ ಜೀವವೂ ಬಾಯಿಗೆ ಬಂದಿತ್ತು. ಆದರೆ ಗಂಡಸು ನೋಡಿ, ಅಳುವ ಬದಲು ಭಾಷಣ ಹಿಡಿದ.

"ಮೂತ್ರಪಿಂಡ ಅಂದ್ರೆ ಮೈಯೊಳಗಿನ ಗುಮಾಸ್ತರು ಕಣೇ. ಮೈಯಲ್ಲಿರೋ ರಕ್ತವೆಲ್ಲ ಅವರ ಟೇಬಲ್ಲಿಗೆ ಹೋಗುತ್ತೆ. ಬೇಕಾದ್ದು ಇಟ್ಕೊಂಡು ಬೇಡದ್ದನ್ನ ಅಂದಂದೇ ವಿಲೇವಾರಿ ಮಾಡ್ತಾರೆ. ಒಂದು ದಿನ ಬಾಕಿ ಉಳಿಸೋ ಹಾಗಿಲ್ಲ."

"ಹಾಗಾದ್ರೆ ಅವರು ಸರ್ಕಾರಿ ಗುಮಾಸ್ತರಲ್ಲ ಬಿಡಿ," ಅಂದಳು ಅವಳು, ಗೋಡೆ ಕಡೆ ತಿರುಗಿ ಮಲಗುತ್ತಾ.

ಅಂದಿನಿಂದ ಮನೆಯಲ್ಲಿ ಜಲಪ್ರಳಯ. ಬಾಳೆದಿಂಡಿನ ಪಲ್ಯ, ಹುರುಳಿ ಕಟ್ಟು, ಬಾರ್ಲಿ ಗಂಜಿ. ಬೆಳಿಗ್ಗೆ ಎದ್ದ ಕೂಡಲೇ ಚೊಂಬು ಹಿಡಿದು ಅವಳ ಹಿಂದೆ ಓಡಾಡುತ್ತಿದ್ದ, ಸ್ಕೂಲಿಗೆ ಹೊರಟರೆ ಬಾಟ್ಲಿ ತುಂಬಿ ಚೀಲಕ್ಕೆ ತುರುಕುತ್ತಿದ್ದ. ಇಷ್ಟಾದರೂ ನೋವು ಮಾತ್ರ ಇಳಿಯಲಿಲ್ಲ. ಹದಿನೈದು ದಿನ ಕಳೆದ ಮೇಲೆ ಹಿತ್ತಲಿಗೆ ಹೋದವನು ನೋಡುತ್ತಾನೆ, ಬಾಡಿಕೊಂಡಿದ್ದ ಕನಕಾಂಬರದ ಗಿಡ ಕೊಬ್ಬಿ ಮೊಳಕಾಲುದ್ದ ನಿಂತಿದೆ. ಬೆಳಗಿನ ನೀರೆಲ್ಲ ಅದರ ಬುಡಕ್ಕೆ ಹೋಗುತ್ತಿತ್ತು. ಬಾಟ್ಲಿಯೂ ಸಂಜೆಗೆ ತುಂಬಿದ ಹಾಗೇ ವಾಪಸ್ಸು ಬರುತ್ತಿತ್ತು. ಸಂಜೆ ಮನೆಗೆ ಬಂದ ಮೇಲೇ ಅವಳು ಗಟಗಟ ಕುಡಿಯುತ್ತಿದ್ದದ್ದು.

ಸಾಯೋಕೆ ಹೊರಟಿದ್ದೀಯಾ ಅಂತ ಅಶ್ವತ್ಥಪ್ಪ ಕೂಗಾಡಿದ. ಅವಳು ಬಾಟ್ಲಿ ತೊಳೆದು ಬೋರಲು ಹಾಕಿದಳು. ಇವಳ ಹಟ ಮುರಿಯಬೇಕಾದರೆ ಹೆಡ್‌ಮಾಸ್ತರಿಗೇ ಒಪ್ಪಿಸಬೇಕು ಅಂದುಕೊಂಡು ಒಂದು ದಿನ ರಜೆ ಹಾಕಿ ಅವಳ ಜೊತೆಗೇ ಬಸ್ಸು ಹತ್ತಿದ. ಮೇಲ್ಪಂಕ್ತಿ ಹಾಕಿಕೊಡಲೆಂದು ಮನೆಯಲ್ಲೇ ಎರಡು ಚೊಂಬು ನೀರು ಕುಡಿದಿದ್ದ, ದಾರಿಯಲ್ಲಿ ಅವಳ ಬಾಟ್ಲಿಯನ್ನೂ ತೋರಿಸಿ ತೋರಿಸಿ ಖಾಲಿ ಮಾಡಿದ.

ಹೆಡ್‌ಮಾಸ್ತರು ಚನ್ನರಾಯಪ್ಪನವರು ಕುರ್ಚಿ ಹಾಕಿ ಕೂರಿಸಿದರು. ನೀರಿನ ಮಹಿಮೆ ಕುರಿತು ಅಶ್ವತ್ಥಪ್ಪನ ಉಪನ್ಯಾಸ ಕಾಲು ಗಂಟೆ ನಡೆಯಿತು. ಆಮೇಲೆ ಕಾಲು ಮೇಲೆ ಕಾಲು ಹಾಕಿದ, ತೆಗೆದ, ಮತ್ತೆ ಹಾಕಿದ. ಇನ್ನಾಗದು ಅನ್ನಿಸಿ ಹೊರಗೆ ಬಂದರೆ ಮೂರು ಕಡೆ ರಾಗಿ ಹೊಲ, ಹೊಲದ ತುಂಬ ಕಳೆ ಕೀಳುವ ಹೆಂಗಸರು. ನಾಲ್ಕನೇ ಕಡೆ ಅರಳಿಕಟ್ಟೆ, ಕಟ್ಟೆ ತುಂಬ ಯಜಮಾನರು. ಬೇಲಿ ಕಡೆ ನಾಲ್ಕು ಹೆಜ್ಜೆ ಇಟ್ಟ, ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನಿಂತು ನೋಡಿದರು. ಹಾಗೇ ತಿರುಗಿ ಬಂದುಬಿಟ್ಟ.

ಇಲ್ಲಿ ಎಲ್ಲಿ ಹೋಗ್ತೀರಿ ಸಾರ್ ಅಂತ ಕೇಳುವಾಗ ಅವನ ದನಿ ಸಣ್ಣಗಾಗಿತ್ತು.

"ಗಂಡಸರದು ಕೆರೆ ಅಂಗಳದವರೆಗೂ ನಡೆದ್ರೆ ಹೆಂಗೋ ಆಗೋಗುತ್ತೆ ಸಾರ್. ಮೇಡಂದೇ ಕಷ್ಟ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ರೆ ಸಂಜೆ ಆರರವರೆಗೂ ಬಾಯಿಗೆ ಒಂದು ತೊಟ್ಟು ನೀರು ಹಾಕಲ್ಲ, ನಾಲ್ಕು ವರ್ಷದಿಂದ. ಮೂರು ವರ್ಷದ ಹಿಂದೆ ಒಂದು ಕಕ್ಕಸು ಕಟ್ಟಿಸಿಕೊಡಿ ಅಂತ ಅರ್ಜಿ ಹಾಕಿದ್ವಿ. ಮೇಡಮ್ಮೇ ಬರೆದದ್ದು. ಏನಂತ ವಾಪಸ್ಸು ಬಂತು ನೀವೇ ನೋಡಿ."

ಬೀರುವಿನಿಂದ ಹಳದಿ ಬಣ್ಣಕ್ಕೆ ತಿರುಗಿದ ಕಾಗದ ಹೊರಗೆ ಬಂತು. ಅದರ ಅಂಚಿನಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: 'ಸದರಿ ಗ್ರಾಮದಲ್ಲಿ ಬಯಲು ಸಾಕಷ್ಟಿದೆ. ಕಕ್ಕಸಿನ ಅವಶ್ಯಕತೆ ಕಂಡುಬರುವುದಿಲ್ಲ.'

ಆ ದುಂಡಗಿನ ಅಕ್ಷರಕ್ಕೆ ಆಫೀಸಿನಲ್ಲಿ ಒಳ್ಳೆ ಹೆಸರಿತ್ತು. ಅಶ್ವತ್ಥಪ್ಪ ಈ ಹಳ್ಳಿಯನ್ನು ನೋಡಿದ್ದು ಇವತ್ತೇ ಮೊದಲು.

"ನಿಮ್ಮ ಆಫೀಸಿನೋರೇ ಅಲ್ವಾ ಸಾರ್? ಯಾರು ಆ ಪುಣ್ಯಾತ್ಮ?"

ಅಶ್ವತ್ಥಪ್ಪ ಪಕ್ಕದ ಮೇಜಿನಲ್ಲಿ ಕೂತಿದ್ದ ಹೆಂಡತಿಯ ಮುಖ ನೋಡಿದ. ಅವಳು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಅವರು ಆಫೀಸಿನ ಮಾತು ಹೊರಗೆ ಆಡಲ್ಲ ಸಾರ್," ಅಂದಳು.

ಮಾರನೇ ದಿನವೇ ಅಶ್ವತ್ಥಪ್ಪ ಹಳೆ ಕಡತ ಹುಡುಕಿ, ಕಕ್ಕಸು ಅತ್ಯವಶ್ಯಕ ಅಂತ ಬರೆದು, 'ತುರ್ತು' ಚೀಟಿ ಅಂಟಿಸಿ, ತಾನೇ ಹೊತ್ತುಕೊಂಡು ಹೋಗಿ ಸಾಹೇಬರ ಮುಂದಿಟ್ಟ. ನಾಲ್ಕನೇ ದಿನ ಅದು ಕೆಂಪು ಶಾಯಿ ಬಳಿದುಕೊಂಡು ಅವನ ಟೇಬಲ್ಲಿಗೇ ವಾಪಸ್ಸು ಬಂತು: 'ಹಿಂದೆ ಬಯಲು ಸಾಕಷ್ಟಿದೆಯೆಂದು ವರದಿಯಾಗಿದೆ. ಆ ಬಯಲು ಈಗ ಏನಾಯಿತು? ಸಂಬಂಧಪಟ್ಟ ಗುಮಾಸ್ತರಿಂದ ವಿವರಣೆ ಪಡೆದು ಮಂಡಿಸಿ.'

ಮರುದಿನ ಬೆಳಿಗ್ಗೆ ವೆಂಕಟರತ್ನಮ್ಮ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡೇ ಬಸ್ಸಿಗೆ ಹೊರಟಳು. ಅಶ್ವತ್ಥಪ್ಪ ಅಭ್ಯಾಸಬಲದಿಂದ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವಳು ರಸ್ತೆ ತಿರುವು ದಾಟುವವರೆಗೂ ನೋಡುತ್ತಿದ್ದು, ಹಿತ್ತಲಿಗೆ ಹೋಗಿ ಆ ನೀರನ್ನು ತಾನೇ ಕನಕಾಂಬರಕ್ಕೆ ಹೊಯ್ದ.