ಹೆಂಡ್ರಿಕ್ ಸಾಹೇಬರಿಗೊಂದು ಡಚ್ ಪದ್ಯ

ಕೊಲ್ಲಿ ನಾಡಿನ ಅಬು ಹಲೀಫಾದ ಕನ್ನಡಿಗರ ಯುಗಾದಿ ಕೂಟದಲ್ಲಿ ಎಂದೋ ಒಂದು ಚುಟುಕ ಓದಿದ ತಪ್ಪಿಗೆ, ನಮ್ಮ ಆಫೀಸಿನಲ್ಲಿ ಯಾರನ್ನು ಬೀಳ್ಕೊಟ್ಟರೂ ಪದ್ಯ ಬರೆಯುವ ಕರ್ಮ ನನ್ನದೇ. ಈ ಸಲ ಹೊರಟವರು ಮ್ಯಾನೇಜರು, ಹಾಲೆಂಡಿನ ಹೆಂಡ್ರಿಕ್ ಸಾಹೇಬರು. (ಹೆಸರಿನಲ್ಲೇ ಹೆಂಡ್ರನ್ನು ಇಟ್ಟುಕೊಂಡವರು. ಇದನ್ನು ನಾನು ಮೊದಲೇ ಗಮನಿಸಬೇಕಿತ್ತು.) ನನ್ನ ಸೂಪರ್‌ವೈಸರ್ ಹುದ್ದೆಯ ಪ್ರಮೋಷನ್ನಿನ ಕಾಗದ ಅವರ ಸಹಿಗೆ ಕಾದಿತ್ತು. ಬರೀ ಇಂಗ್ಲಿಷ್ ಸಾಲದು, ಡಚ್ಚನ್ನೂ ಬೆರೆಸಿ ಅವರನ್ನು ಕರಗಿಸಬೇಕೆಂದು ಸಂಕಲ್ಪಿಸಿದೆ.

ಡಚ್ ನನಗೆ ಬರುತ್ತಿರಲಿಲ್ಲ. ಅದೊಂದು ಅಡ್ಡಿ ಅನ್ನಿಸಲೂ ಇಲ್ಲ. ಸಾಹೇಬರ ಟೈಪಿಸ್ಟ್, ಮಂಗಳೂರಿನ ಇನೆಜ್, ಎರಡು ಪದ ಕಲಿಸಿದಳು: ‘ದಾಂಕು’ ಎಂದರೆ ಥ್ಯಾಂಕ್ಸ್, ‘ಸ್ಲಿಮ್’ ಎಂದರೆ ಜಾಣ, ಜಾಣೆ.

ಮನೆಯಲ್ಲಿ ಹೆಂಡತಿ ಕಾಂಚನಾಳ ಮುಂದೆ ತಾಲೀಮು ನಡೆಯಿತು.

ಯುವರ್ ವರ್ಕ್ ಈಸ್ ನೀಟ್, ಯುವರ್ ಟಾಕ್ ಈಸ್ ಸ್ವೀಟ್,
ಯುವರ್ ವೈಫ್ ಈಸ್ ಸ್ಲಿಮ್, ದಾಂಕು ಟು ಹರ್ ಆ್ಯಂಡ್ ಹಿಮ್.

“ಸಾಹೇಬರಿಗೆ ಡೊಂಕು ಅಂತೀರೇನ್ರಿ?”

“ದಾಂಕು. ಥ್ಯಾಂಕ್ಸ್ ಅಂತ.”

“ಮತ್ತ ಆ ಮೇಡಮ್ಮು ಸ್ಲಿಮ್? ಅವರು ಲಿಫ್ಟ್ ಹತ್ತಿದ್ರ ನಾವು ಮೆಟ್ಟಲಾ ಹತ್ತಬೇಕು.”

“ಡಚ್ಚಿನ್ಯಾಗ ಸ್ಲಿಮ್ ಅಂದ್ರ ಶಾಣ್ಯಾಕಿ ಅಂತ.”

“ಹತ್ತು ವರ್ಷದಾಗ ನನಗ ಒಮ್ಮೆನೂ ಸ್ಲಿಮ್ ಅಂದಿಲ್ಲ ನೀವು. ಇಂಗ್ಲಿಷಿನ್ಯಾಗೂ ಇಲ್ಲ, ಡಚ್ಚಿನ್ಯಾಗೂ ಇಲ್ಲ.”

ನಾನು ಪದ್ಯದ ಹಾಳೆಯನ್ನು ಮಡಚಿ ಜೇಬಿಗಿಟ್ಟೆ.

ಸಮಾರಂಭದಲ್ಲಿ ‘ಸ್ಲಿಮ್’ ಎಂದದ್ದೇ ತಡ, ಎಂಬತ್ತು ಜನ ಒಟ್ಟಿಗೆ ಮೇಡಮ್ಮನ ಕಡೆ ತಿರುಗಿ, ಒಟ್ಟಿಗೆ ನಕ್ಕರು. ಆ ಎಂಬತ್ತು ಮಂದಿಗೆ ಡಚ್ ಬರುತ್ತಿರಲಿಲ್ಲ. ಮೇಡಮ್ಮನ ಪುಡಿಂಗಿನ ಚಮಚ ಅರ್ಧ ದಾರಿಯಲ್ಲೇ ನಿಂತಿತು. ಸಾಹೇಬರು ಮಾತ್ರ ನನ್ನ ಕೈ ಕುಲುಕಿದರು, ತುಸು ಜೋರಾಗಿಯೇ.

ಮರುದಿನ ಪ್ರಮೋಷನ್ನಿನ ಫೈಲು ಬಂತು. ನನ್ನ ಹೆಸರಿನ ಮುಂದೆ ಹಸಿರು ಶಾಯಿಯಲ್ಲಿ ಒಂದೇ ಪದ: ಎನ್, ಐ, ಇ, ಟಿ. ನೀಟ್. ನನ್ನ ಪದವನ್ನೇ ನನಗೆ ಮರಳಿಸಿದ್ದಾರೆ, ಪಾಪ, ಸ್ಪೆಲ್ಲಿಂಗ್ ಒಂದು ಸರಿಯಿಲ್ಲ ಎಂದುಕೊಂಡು ಎರಡು ಕಿಲೋ ಜಿಲೇಬಿ ತರಿಸಿ ಆಫೀಸಿಗೆಲ್ಲ ಹಂಚಿದೆ.

ಇನೆಜ್ ತನ್ನ ಪಾಲಿನದನ್ನು ಪೂರ್ತಿ ತಿಂದು, ಬೆರಳು ಒರೆಸಿಕೊಂಡು, ಫೈಲು ನೋಡಿದಳು.

“ಡಚ್ಚಲ್ಲಿ ನೀಟ್ ಅಂದ್ರೆ ‘ಅಲ್ಲ’, ‘ಇಲ್ಲ’ ಅಂತ, ಸರ್. ನೀವು ಮೊನ್ನೆ ಎರಡೇ ಪದ ಕೇಳಿದ್ದಲ್ವಾ.”

ಅಂದರೆ ಪದ್ಯದ ಮೊದಲ ಸಾಲಿನಲ್ಲೇ ನಾನು ಸಾಹೇಬರ ಕೆಲಸವನ್ನೂ ಇಲ್ಲವಾಗಿಸಿದ್ದೆ. ನಿಜ ಹೇಳುತ್ತೇನೆ, ಅಳು ಬಂತು.

ಉಳಿದ ಜಿಲೇಬಿಯೊಂದಿಗೆ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿದೆ. ಕಾಂಚನಾ ಬಯ್ಯಲಿಲ್ಲ. ಒಂದು ಜಿಲೇಬಿ ಮುರಿದು ಬಾಯಿಗೆ ಹಾಕಿಕೊಂಡಳು.

“ನನಗೂ ಡಚ್ ಬಂತು ನೋಡ್ರಿ,” ಎಂದಳು. “ಸಾಹೇಬರು ಸ್ಲಿಮ್. ನೀವು ಸ್ಲಿಮ್ ನೀಟ್.”